ಸೂಪಿನ ಮನೆಯ ಚಿಲಕ

ಜನವರಿ 6, ಬೆಳಿಗ್ಗೆ

...ಹಾಂ, ರೆಕಾರ್ಡ್ ಆಗ್ತಿದೆ. ಬೆಂಚು ಒರೆಸಿ ಆಯ್ತು. ಹಂಡೆ ಇನ್ನೂ ಒಲೆ ಮೇಲೆ ಏರಿಲ್ಲ. "ನಿನ್ನ ಪುರಾಣ ಫೋನಿಗೆ ಹೇಳ್ಕೋ, ನನ್ನ ಕಿವಿ ಬಿಡು" ಅಂತ ನನ್ನಾಕೆ ಅಪ್ಪಣೆ. ಅವಳು ಈ ಕ್ರಿಶ್ಚಿಯನ್ ಮಿಷನ್ನಿನ ಬೆಡ್‌ಶೀಟ್ ಒಗೀತಾಳೆ, ನಾನು ಬಾಗಿಲು ಕಾಯ್ತೀನಿ. ಇಬ್ಬರಿಗೂ ಸೇರಿ ಮೆಟ್ಟಿಲ ಕೆಳಗೆ ಒಂದು ರೂಮು. ಕೆಲಸ ಹೋದ್ರೆ ರೂಮೂ ಹೋಯ್ತು.

ಈಗಷ್ಟೇ ಮತ್ತೆ ವಿಸಿಟರ್ಸ್ ಬಂದು ಹೋದ್ರು. ಮಿಷನ್ನಿಗೆ ನೂರನೇ ವರ್ಷ ಅಲ್ವಾ. ಚರಿತ್ರೆ ಹೇಳೋದು ನನ್ನ ಪಾಲು. ಬಾಯಿಪಾಠ. ಒಬ್ಬ ಬೇಕರಿಯವನು, ಕುದುರೆ ಲಾಯದಲ್ಲಿ ಬಡವರಿಗೆ ಅಂತ ಒಂದು ಹಂಡೆ ಸೂಪು ಇಟ್ಟು ಶುರು ಮಾಡಿದ. ಊರು ಬೆಳೀತು, ಕೆಲಸ ಹುಡುಕಿ ಬಂದೋರು ಬೀದಿಲಿ ಮಲಗಿದ್ರು, ಹಂಡೆ ಸಾಲದಾಯ್ತು. ಲಾಯ ಹೋಗಿ ಹಾಲ್ ಬಂತು. ಮೇಲೆ ಡಾರ್ಮಿಟರಿ, ಅದರ ಮೇಲೆ ಹೆಂಗಸರ ವಿಭಾಗ, ಪಕ್ಕದಲ್ಲಿ ದವಾಖಾನೆ.

"ಬಾಗಿಲಿಗೆ ಯಾಕಪ್ಪಾ ಇಷ್ಟು ದೊಡ್ಡ ಚಿಲಕ?" ಅಂತ ಒಬ್ಬ ಹೆಂಗಸು ಕೇಳಿದ್ರು. ಅದೂ ಚರಿತ್ರೆನೇ ಅಮ್ಮಾ, ಅಂದೆ. ಮೊದಲು ಜನ ಉಂಡು, ಪ್ರಾರ್ಥನೆಗೆ ಮುಂಚೆ ಮಾಯ ಆಗ್ತಿದ್ರು. ಬೇಕರಿಯವನು ಪ್ರಾರ್ಥನೆ ಮೊದಲು ಮಾಡಿದ, ಸೂಪು ಆಮೇಲೆ. ಆಗ ಪ್ರಾರ್ಥನೆ ಮುಗಿಯೋ ಕೊನೇ ಗಳಿಗೆಗೆ ನುಗ್ಗೋಕೆ ಶುರು. ಅದಕ್ಕೇ ಚಿಲಕ. ಮೊದಲ ಹಾಡಿಗೆ ಹಾಕೋದು, ಕೊನೇ ಆಮೆನ್‌ಗೆ ತೆಗೆಯೋದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಿಕ್ಕಿದ್ದು ಹೇಳಲಿಲ್ಲ.

ಜನವರಿ 7

ಮಿಕ್ಕಿದ್ದು ಅಂದ್ರೆ ನನ್ನ ಅಣ್ಣ. ಎದುರುಗಡೆ ಬಸ್ ಸ್ಟಾಪಲ್ಲಿ ಮಲಗ್ತಾನೆ. ಅವನಿದ್ದ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಕೆಲಸದವರು ಟೀಗೆ ಹೋಗಬಾರದು ಅಂತ ಹೊರಗಿನಿಂದ ಬೀಗ. ಕಿಟಕಿ ಒಡೆದು ಹಾರಿದೋರಲ್ಲಿ ಇವನೊಬ್ಬ ಬದುಕಿದ. ಆವತ್ತಿಂದ ಬೀಗ ಹಾಕಿದ ಜಾಗಕ್ಕೆ ಕಾಲಿಡಲ್ಲ. ನಮ್ಮ ರೂಮಿಗೂ ಬರಲ್ಲ... ಕಿಟಕಿ ಇಲ್ವಲ್ಲ.

ಜನವರಿ 10

ಅಣ್ಣನಿಗೆ ಡಬ್ಬೀಲಿ ಸೂಪು ತಗೊಂಡು ಹೋದೆ. ಹೊರಗೆ ಒಯ್ಯೋ ಹಾಗಿಲ್ಲ, ಸ್ವೆಟರ್ ಒಳಗೆ ಮುಚ್ಚಿಟ್ಟೆ, ಹೊಟ್ಟೆ ಸುಟ್ಟಿತು.

"ಏನಲೇ ಮಾತಿನ ಮಲ್ಲ, ಬಸುರಾ?" ಅಂದ.

"ಬಿಸಿ ಇದೆ, ಕುಡಿಯೋ."

"ಒಳಗೆ ಎಲ್ಲರೂ ಮೇಜಿಗೆ ಕೂತು ಉಣ್ತಾರೆ. ನಾನು ಬಾಗಿಲಾಚೆ ನಾಯಿ ಥರ ನೆಕ್ಕಬೇಕಾ? ತಗೊಂಡ್ ಹೋಗು."

ತಂದು ಹಂಡೆಗೆ ವಾಪಸ್ ಸುರಿದೆ.

ಜನವರಿ 21

ಹನ್ನೊಂದು ದಿನ ಆಯ್ತು ರೆಕಾರ್ಡ್ ಮಾಡಿ. ಹೇಳೋಕೆ ಅಣ್ಣನ ಕೆಮ್ಮು ಬಿಟ್ಟು ಇನ್ನೇನಿದೆ? ಹಾಲ್‌ನಲ್ಲಿ ನಿಂತ್ರೂ ರಸ್ತೆ ಆಚೆಯಿಂದ ಕೇಳುತ್ತೆ. ಕರ್ಚೀಫಲ್ಲಿ ರಕ್ತ ನೋಡಿದೆ. ನಮ್ಮ ದವಾಖಾನೆಗೆ ಡಾಕ್ಟರ್ ಗುರುವಾರ ಮಾತ್ರ ಬರ್ತಾರೆ. ಆವತ್ತು ಪ್ರಾರ್ಥನೆಗೆ ಕೂತೋರಿಗೆ ಮಾತ್ರ ಅವರಿಗೆ ತೋರಿಸೋ ಚೀಟಿ.

"ಚಿಲಕ ಹಾಕೋನು ನಾನೇ ಕಣೋ ಅಣ್ಣ. ಹಾಕಲ್ಲ. ಹಾಕಿದ ಹಾಗೆ ಸದ್ದು ಮಾಡ್ತೀನಿ ಅಷ್ಟೆ."

"ಸುಳ್ಳು."

"ಬಂದು ತಳ್ಳಿ ನೋಡು."

ಜನವರಿ 23

ಬಂದ! ಡಾಕ್ಟರ್ ದಿನ ನಿನ್ನೆಗೇ ಮುಗೀತು, ಆದ್ರೂ ಬಂದ. ಕೊನೇ ಬೆಂಚು. ಪಾಸ್ಟರ್ ಪ್ರಸಂಗದ ಮಧ್ಯೆ ಎದ್ದು ಬಂದ, ಬಾಗಿಲು ತಳ್ಳಿದ, ರಸ್ತೆ ನೋಡಿದ, ಮುಚ್ಚಿದ, ಹೋಗಿ ಕೂತ. ನನ್ನ ಕಡೆ ನೋಡಿ ನಕ್ಕ. ಕಾರ್ಖಾನೆ ಆದಮೇಲೆ ಆ ನಗು ನೋಡಿರಲಿಲ್ಲ. ಎರಡು ಬಟ್ಟಲು ಹೊಡೆದ. ನನ್ನಾಕೆಗೆ ಹೇಳಿದ್ರೆ "ರೂಮಿಗೆ ಸಂಚಕಾರ ತಂದೆ" ಅಂತಾಳೆ, ಕಣ್ಣು ಒರೆಸ್ಕೊಂಡು.

ಜನವರಿ 26

ಸಂಚಕಾರ ಬಂತು. ಅಣ್ಣ ತಳ್ಳಿದ್ದನ್ನ ಬೇರೆಯೋರು ನೋಡಿದ್ರು. ಇಬ್ಬರು ಪ್ರಾರ್ಥನೆ ಮಧ್ಯೆ ಬೀಡಿ ಸೇದೋಕೆ ಹೋದ್ರು, ಬಾಗಿಲು ಹಾರು ಹೊಡೆದು. ಪಾಸ್ಟರ್ ಹಾಳೆ ಎಲ್ಲಾ ಗಾಳಿಗೆ. ಮಿಷನ್ ನೋಡ್ಕೊಳ್ಳೋ ಮೇಡಂ ಕರೆದ್ರು. ಅಣ್ಣನ ವಿಷಯ ಎಲ್ಲಾ ಹೇಳಿದೆ. ಕೆಟ್ಟೋರಲ್ಲ ಆಕೆ, ಕೇಳಿದ್ರು.

"ನಿಮ್ಮ ಅಣ್ಣನಿಗೆ ಅಂತ ಚಿಲಕ ಹಾಕದೆ ಬಿಟ್ರೆ, ನಾಳೆ ಎಲ್ಲರೂ ಅಣ್ಣಂದಿರೇ ಆಗ್ತಾರಲ್ರೀ?"

"ಗುರುವಾರ ಒಂದು ದಿನ ಮೇಡಂ. ಡಾಕ್ಟರ್ ನೋಡೋವರೆಗೆ."

"ನೋಡೋಣ" ಅಂದ್ರು. ನಾನು ಅದನ್ನ ಹೂಂ ಅಂದ್ಕೊಂಡೆ. ಅಣ್ಣನಿಗೂ ಹಾಗೇ ಹೇಳಿದೆ — ಮೇಡಂ ಒಪ್ಪಿದ್ದಾರೆ, ಧೈರ್ಯವಾಗಿ ಬಾ.

ಜನವರಿ 29, ಗುರುವಾರ, ಪ್ರಾರ್ಥನೆ ಹೊತ್ತು

ಪಿಸುಗುಟ್ತಾ ಇದೀನಿ... ಬಾಗಿಲ ಹತ್ರಾನೇ ನಿಂತಿದೀನಿ. ಅಣ್ಣ ಬಂದ, ತಲೆ ಬಾಚ್ಕೊಂಡು. ಈ ಸಲ ಮುಂದೆ ಕೂತ, ಡಾಕ್ಟರ್ ಹತ್ರ. ಹಾಡು ಶುರುವಾದ ಮೇಲೆ ಮೇಡಂ ಬಂದ್ರು. ಕೈಯಲ್ಲಿ ಹೊಸ ಬೀಗ. "ಕಮಿಟಿ ತೀರ್ಮಾನ, ನನ್ನ ಕೈಲಿ ಏನೂ ಇಲ್ಲ" ಅಂತ ಚಿಲಕಕ್ಕೆ ಹಾಕಿ, ಕೀ ಪರ್ಸಿಗೆ ಹಾಕ್ಕೊಂಡು ಹೋಗಿ ಪಾಸ್ಟರ್ ಪಕ್ಕ ಕೂತ್ರು. ಕಿಟಕಿಗೆಲ್ಲಾ ಸರಳು. ಅಡುಗೆಮನೆ ಕಡೆ ಇರೋದು ಸೂಪು ಕೊಡೋ ಕಿಂಡಿ ಮಾತ್ರ.

ಕೂಗಿ ಕೀ ಕೇಳಲಾ? ಎಲ್ಲರ ಎದುರಿಗೆ ಬೀಗ ಅನ್ನೋ ಮಾತು ಅವನ ಕಿವಿಗೆ ಬೀಳುತ್ತೆ. ಕೇಳದೆ ಇದ್ರೆ... ಆಮೆನ್‌ವರೆಗೆ ಅವನು ಹಿಂದೆ ತಿರುಗದೆ ಇದ್ರೆ ಸಾಕು. ಅಷ್ಟೇ ಸಾಕು.

ಕೆಮ್ಮು ಬಂತು ಅವನಿಗೆ. ಬಾಯಿಗೆ ಕರ್ಚೀಫ್. ಎದ್ದ. ಈ ಕಡೆ ಬರ್ತಿದ್ದಾನೆ. ನನ್ನ ನೋಡಿ ನಗ್ತಿದ್ದಾನೆ, ಬೀಗ ನನ್ನ ಬೆನ್ನ ಹಿಂದೆ ಇದೆ, ಕಂಡಿಲ್ಲ ಅವನಿಗೆ... ಮೇಡಂ! ಮೇಡಂ, ಕೀ—