ಅರ್ಜಿಯಲ್ಲಿ ಬರೆಯದೆ ಬಿಟ್ಟದ್ದು

ಹಿಂದೂಪುರ
ಶ್ರಾವಣ ಸೋಮವಾರ, 9-8-1982

ಪ್ರೀತಿಯ ತಾತಾ,

ಶರಣು. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಅಕ್ಷರ ಸರಿಯಾಗಿ ಕಾಣುತ್ತಿದೆಯೇ? ಈ ಕಾಗದವನ್ನು ನೀನೇ ಓದಬೇಕು, ಬೇರೆ ಯಾರ ಕೈಲೂ ಓದಿಸಬಾರದು ಎಂದು ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಸೀಸೆಯನ್ನು ಗೂಡಿನಲ್ಲಿಟ್ಟು ಹಚ್ಚಿದೆ ಎಂದು ಅಜ್ಜಿಗೆ ಸುಳ್ಳು ಹೇಳುತ್ತಿದ್ದೀಯೋ? ಕಾಗದದಲ್ಲಾದರೂ ತಾತನಿಗೆ ಬಹುವಚನ ಹಾಕೆಂದು ಅತ್ತೆ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಾಳೆ. ನಲವತ್ತು ವರ್ಷ ಕಲ್ಯಾಣದುರ್ಗದ ತಾಲ್ಲೂಕು ಕಚೇರಿ ಮುಂದೆ ಕೂತು, ಊರವರ ಅರ್ಜಿಗಳಲ್ಲಿ ಸರ್ಕಾರಕ್ಕೆ ಬಹುವಚನ ಬರೆದು ಬರೆದು ಸವೆದವನಿಗೆ ಮನೆಯವರ ಏಕವಚನವೇ ಹಿತ ಎಂದೆ. ಸರಿ ತಾನೆ?

ಇನ್ನು ನನ್ನ ಸುದ್ದಿ. ತುಮಕೂರಿನಲ್ಲಿ ಬಿ.ಎ. ಮುಗಿಸಿದ ಮೊಮ್ಮಗಳು ಅತ್ತೆಯ ಮನೆಯಲ್ಲಿ ಕಾದಂಬರಿ ಓದುತ್ತಾ ಕೂತಿದ್ದಾಳೆ ಎಂದು ನೀನು ತಿಳಿದಿರಬಹುದು. ಎರಡು ತಿಂಗಳಿಂದ ವಕೀಲೆ ಸುವರ್ಣಮ್ಮನವರ ಮಹಿಳಾ ಸಂಘಕ್ಕೆ ಹೋಗುತ್ತಿದ್ದೇನೆ. ಬಲಾತ್ಕಾರಕ್ಕೆ ಒಳಗಾದ ಹೆಂಗಸರ ಪರವಾಗಿ ಅವರು ಹೈದರಾಬಾದಿನ ಅಸೆಂಬ್ಲಿಗೆ ಒಂದು ಮನವಿ ಸಿದ್ಧ ಮಾಡುತ್ತಿದ್ದಾರೆ. ಇದೇ ಇಪ್ಪತ್ತೊಂದನೇ ತಾರೀಖು ಶನಿವಾರ ಶಾಸಕರ ಸಮಿತಿಯೊಂದು ಇಲ್ಲಿನ ಸರ್ಕಾರಿ ಬಂಗ್ಲೆಗೆ ಬಂದು ನಮ್ಮ ಮಾತು ಕೇಳುತ್ತದೆ. ಅವರು ಒಪ್ಪಿದ ಅಂಶ ಮಾತ್ರ ಸದನದ ಮುಂದೆ ಹೋಗುತ್ತದೆ, ಉಳಿದದ್ದು ಇಲ್ಲೇ ಬಿದ್ದುಹೋಗುತ್ತದೆ. ಸೆಟ್ಟೂರು ಕಡೆಯ ಹೆಂಗಸರು ಕನ್ನಡದಲ್ಲಿ ಹೇಳಿದ್ದನ್ನು ಬರೆದುಕೊಂಡು ತೆಲುಗಿಗೆ ತರುವುದು ನನ್ನ ಕೆಲಸ. ನೀನೇನೂ ಮಾತಾಡಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು ಎಂದು ಸುವರ್ಣಮ್ಮನವರು ನನಗೆ ಹೇಳಿದರು. ಅದಕ್ಕೇ ಒಪ್ಪಿಕೊಂಡೆ.

ಕಾನೂನು ದಪ್ಪ ರಟ್ಟಿನ ಪುಸ್ತಕದಲ್ಲೇ ಹುಟ್ಟುತ್ತದೆ ಎಂದುಕೊಂಡಿದ್ದೆ ತಾತಾ. ಇಲ್ಲಿ ನೋಡಿದರೆ ಹೆಂಗಸರು ಚಾಪೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾರೆ, ಒಬ್ಬಳು ಒಂದು ಮಾತು ಸೇರಿಸುತ್ತಾಳೆ, ಇನ್ನೊಬ್ಬಳು ಎರಡು ತೆಗೆಸುತ್ತಾಳೆ, ಸಿಪ್ಪೆಯ ನಡುವೆ ಬಿದ್ದ ಕಾಗದವನ್ನು ಸುವರ್ಣಮ್ಮನವರು ಕೊಡವಿ ಮತ್ತೆ ಓದುತ್ತಾರೆ. ಹೆಂಗಸಿನ ಹೆಸರು ಹೊರಗೆ ಬರಬಾರದು, ವಿಚಾರಣೆ ನಡೆಯುವಾಗ ಕೋರ್ಟಿನ ಬಾಗಿಲು ಮುಚ್ಚಿರಬೇಕು, ತಾಲ್ಲೂಕಿಗೊಬ್ಬ ಲೇಡಿ ಡಾಕ್ಟರ್ ಇರಬೇಕು. ಈ ಮೂರಕ್ಕೆ ಯಾರದೂ ತಕರಾರಿಲ್ಲ. ನಾಲ್ಕನೆಯದು, ಮೊದಲ ದೂರನ್ನು ಅವಳ ಭಾಷೆಯಲ್ಲೇ, ಅವಳು ಹೇಳಿದ್ದರಲ್ಲಿ ಒಂದನ್ನೂ ಬಿಡದೆ ಬರೆದು, ಓದಿ ಕೇಳಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿಸಬೇಕು ಎಂಬುದು. ಸಮಿತಿಯ ಪರವಾಗಿ ಓಡಾಡುವ ಜಯಣ್ಣನವರು ಓದುತ್ತಾ ಆ ಅಂಶಕ್ಕೆ ಬಂದಾಗ ಕನ್ನಡಕ ತೆಗೆದರು. "ಇದು ನಿಲ್ಲಾಕಿಲ್ಲ ಕಣಮ್ಮ. ಅರ್ಜಿ ಬರೆಯೋರು ತಾತನ ಕಾಲ್ದಿಂದ ಬರೀತಾವ್ರೆ, ಅವ್ರು ಯಾಕೆ ಬಿಟ್ಟಾರು? ಬಿಟ್ಟವ್ರೆ ಅನ್ನೋದಕ್ಕೆ ಸಾಕ್ಷಿ ತನ್ನಿ, ಇಲ್ದಿದ್ರೆ ಸಮಿತಿಯೋರು ಹೊಡೆದಾಕ್ತಾರೆ" ಎಂದರು. ತಾತನ ಕಾಲ ಎಂದಾಗ ನನಗೆ ನಿನ್ನ ನೆನಪಾಗಿ ನಗು ಬಂದಿತ್ತು. ಆಗ ನನಗಿನ್ನೂ ಏನೂ ಗೊತ್ತಿರಲಿಲ್ಲ.

ಹೋದ ಗುರುವಾರ ಸೆಟ್ಟೂರು ಕಡೆಯಿಂದ ಗೌರಕ್ಕ ಬಂದಳು. ಗೌರಕ್ಕ ಅವಳ ಹೆಸರಲ್ಲ. ಯಾವ ಹೆಸರು ಬರೆಯಲಿ ಎಂದು ಕೇಳಿದ್ದಕ್ಕೆ, "ನಮ್ಮತ್ತೆ ಹೆಸರಿಕ್ಕಮ್ಮ. ಮನೇಲಿ ಕೂತು ನನ್ನ ಬೈಯೋ ಬದ್ಲು ಅವಳೂ ಒಂದ್ಸಲ ಅಸೆಂಬ್ಲಿ ನೋಡ್ಕಂಡ್ ಬರ್ಲಿ" ಎಂದು ನಕ್ಕಳು. ಏಳು ವರ್ಷದ ಹಿಂದೆ, ಅವಳು ಕಳೆ ಕೀಳಲು ಹೋಗುತ್ತಿದ್ದ ಹೊಲದ ಯಜಮಾನನ ಮಗ ಅವಳ ಮೇಲೆ ಬಲಾತ್ಕಾರ ಮಾಡಿದ. ಅದನ್ನು ಅವಳು ಸಾಲು ಹಿಡಿದು ಕಳೆ ಕಿತ್ತಹಾಗೆ, ಎಲ್ಲೂ ಬಿಡದೆ ಹೇಳುತ್ತಾ ಬಂದಳು. ನಾನು ಅವಳ ಬೆರಳಿನ ಮಣ್ಣು ನೋಡುತ್ತಾ ಬರೆಯುತ್ತಿದ್ದೆ. ಆ ಘಳಿಗೆಯ ಮಾತು ಬಂದಾಗ ನನ್ನ ಕೈ ನಿಂತಿತು. ನನಗೇ ತಿಳಿಯದೆ ಪೆನ್ನಿಗೆ ಕ್ಯಾಪು ಹಾಕಿದ್ದೆ. ಗೌರಕ್ಕ ಅದನ್ನೇ ನೋಡುತ್ತಿದ್ದಳು.

"ನೀನೂ ಮುಚ್ಬುಟ್ಟಾ? ಕಲ್ಯಾಣದುರ್ಗದಾಗೆ ಹುಣಸೇಮರದ ಕೆಳಗೆ ಅರ್ಜಿ ಬರೆದ್ರಲ್ಲ, ಆ ಯಜಮಾನ್ರೂ ಇಲ್ಲಿಗೇ ಕ್ಯಾಪ್ ಹಾಕ್ಬುಟ್ರು. ಇಷ್ಟು ಸಾಕು ತಾಯಿ, ಉಳಿದಿದ್ದು ಅವ್ರಿಗೇ ಅರ್ಥ ಆಯ್ತದೆ ಅಂದ್ರು. ಒಳ್ಳೇರು ಕಣಮ್ಮ. ಮಜ್ಜಿಗೆ ತರಿಸಿಕೊಟ್ರು. ಒಂದು ಕಿತವೂ ತಲೆ ಎತ್ತಿ ನನ್ ಮುಖ ನೋಡ್ಲಿಲ್ಲ."

ಅವರಿಗೆ ಅರ್ಥವಾಗಲಿಲ್ಲ ತಾತಾ. ಕೋರ್ಟಿನಲ್ಲಿ ಆ ಹುಡುಗನ ವಕೀಲರು ಅರ್ಜಿಯನ್ನು ಎತ್ತಿ ಹಿಡಿದು, ಮೊದಲ ದಿನ ಇವಳು ಹೇಳಿದ್ದು ಕೈ ಎಳೆದ ಎಂದಷ್ಟೇ, ಮಿಕ್ಕಿದ್ದೆಲ್ಲ ಆಮೇಲೆ ಹೆಣೆದ ಕಥೆ ಎಂದರಂತೆ. ಅವನು ಬಿಡುಗಡೆಯಾದ. ಅದೇ ಹೊಲದ ಬದುವಿನ ಮೇಲೆ ಈಗಲೂ ಅವಳ ಎದುರಿಗೇ ಓಡಾಡುತ್ತಾನೆ. ಅವಳು ಸೆರಗಿನ ಗಂಟಿನಿಂದ ಅರ್ಜಿಯ ಕಾರ್ಬನ್ ಪ್ರತಿ ತೆಗೆದು ಬಿಡಿಸಿದಳು. ಮಡಿಕೆಯ ಕಡೆಗಳಲ್ಲಿ ಹರಿದಿತ್ತು. "ಚೆಯ್ಯಿ ಪಟ್ಟಿ ಲಾಗಿ ಅವಮಾನಿಂಚಿನಾಡು" ಎಂಬಲ್ಲಿಗೆ ಮುಗಿದಿತ್ತು, ಕೈ ಹಿಡಿದು ಎಳೆದು ಅವಮಾನ ಮಾಡಿದ ಎಂದಷ್ಟೇ. ಕಾಗದದ ನೆತ್ತಿಯಲ್ಲಿ ಮೂರು ಅಡ್ಡಗೆರೆ. ಸರ್ಕಾರಕ್ಕೆ ಹೋಗೋ ಕಾಗದ ಕಣವ್ವ, ಹಣೆ ಬರಿದಾಗಿರಬಾರದು ಎಂದು ಹೇಳಿ, ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ನೀನು ಎಳೆಸುತ್ತಿದ್ದ ವಿಭೂತಿ ಗೆರೆಗಳು. ಕಲ್ಯಾಣದುರ್ಗದಲ್ಲಿ ಬೇರೆ ಯಾರೂ ಅರ್ಜಿಗೆ ವಿಭೂತಿ ಹಚ್ಚುವುದಿಲ್ಲ.

ಸಿಟ್ಟು ಬಂತೇ ಎಂದು ನೀನು ಕೇಳಬಹುದು. ಕ್ಯಾಪು ಹಾಕಿದ ಪೆನ್ನು ನನ್ನ ಕೈಯಲ್ಲೇ ಇತ್ತಲ್ಲ, ಯಾರ ಮೇಲೆ ಸಿಟ್ಟಾಗಲಿ? ಅಂದಿನಿಂದ ತಲೆಯಲ್ಲಿ ಬರೀ ಪ್ರಶ್ನೆಗಳು. ಆ ದಿನ ನೀನು ಬರೆಯುವುದನ್ನು ನಿಲ್ಲಿಸಿದ್ದು ಅವಳ ಮಾನಕ್ಕಾಗಿಯೋ, ನಿನ್ನ ಸಂಕೋಚಕ್ಕಾಗಿಯೋ? ಕೈ ಹಿಡಿದು ಎಳೆದ ಎಂದು ಬರೆದು ನಿಲ್ಲಿಸಬೇಕೆಂದು ನಿನಗೆ ಯಾರಾದರೂ ಕಲಿಸಿದ್ದರೇ? ಆ ಮರದ ಕೆಳಗೆ ಕೂರುವ ಎಲ್ಲರೂ ಹಾಗೇ ಬರೆಯುತ್ತಿದ್ದರೇ? ಓದುವ ದೊಡ್ಡವರಿಗೆ ಉಳಿದದ್ದು ತಿಳಿಯುತ್ತದೆ ಎಂದು ನೀನು ನಿಜವಾಗಿ ನಂಬಿದ್ದೆಯಾ? ಕೇಸು ಬಿದ್ದುಹೋದ ಸುದ್ದಿ ನಿನ್ನವರೆಗೆ ಬಂತೇ? ಬಾವಿಯ ಹಗ್ಗ ಯಾರು ಕಡಿದರು ಎಂಬ ಅರ್ಜಿಗೆ ನೀನು ನಾಲ್ಕು ಪುಟ ಬರೆದದ್ದನ್ನು ನಾನೇ ನೋಡಿದ್ದೇನೆ. ಗೌರಕ್ಕನದು ಅರ್ಧ ಪುಟ.

ಕೊನೆಗೆ ನಾನು ಕ್ಯಾಪು ತೆಗೆದೆ. ಸಂಜೆಯವರೆಗೆ ಬರೆದೆವು. ಎರಡು ಸಲ ಶಾಯಿ ಚೆಲ್ಲಿತು. ಎಲ್ಲವನ್ನೂ ಓದಿ ಕೇಳಿಸಿದಾಗ ಗೌರಕ್ಕ ಒಂದೇ ಒಂದು ಕಡೆ ತಡೆದಳು. "ನನ್ ಕೈಯಾಗಿದ್ದ ಕಳೆ ಕುಡ್ಲು ಬಿದ್ದಿದ್ದು ಎಡಗಡೆ ಕಣಮ್ಮ, ಬಲಗಡೆ ಅಲ್ಲ." ತಿದ್ದಿದೆ. ಆಮೇಲೆ ಅವಳು ಒತ್ತಿದ ಹೆಬ್ಬೆಟ್ಟು ಎಷ್ಟು ಗಟ್ಟಿಯಾಗಿತ್ತೆಂದರೆ ಕೆಳಗಿನ ಹಾಳೆಗೂ ಗುರುತು ಬಿದ್ದಿದೆ.

ಅಜ್ಜಿಗೆ ನನ್ನ ನಮಸ್ಕಾರ. ಅವಳು ಕಳಿಸಿದ ಚಟ್ನಿಪುಡಿ ಮೊನ್ನೆಗೆ ಮುಗಿಯಿತು. ನಿನ್ನ ಕಾಲಿಗೆರಗಿ ಈ ಕಾಗದ ಮಡಚುತ್ತೇನೆ.

ನಿನ್ನ
ಭ್ರಮರಾಂಬ

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ ತಾತಾ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕಾರ್ಬನ್ ಪ್ರತಿಯೊಂದೇ ಸಾಕಾಗುವುದಿಲ್ಲ. ಅವಳು ಹೇಳಿದ್ದೇ ಅಷ್ಟು ಎಂದು ಜಯಣ್ಣನವರು ಅಂದುಬಿಡುತ್ತಾರೆ. ಅವಳು ಪೂರ್ತಿ ಹೇಳಿದಳು, ನಾನು ಬಿಟ್ಟೆ ಎಂದು ಬರೆದವನೇ ಹೇಳಿದರೆ ನಾಲ್ಕನೆಯ ಅಂಶ ಉಳಿಯುತ್ತದೆ. ನೀನು ಒಪ್ಪದೆ ಸುವರ್ಣಮ್ಮನವರಿಗೆ ನಿನ್ನ ಹೆಸರು ಹೇಳುವುದಿಲ್ಲ. ಬರುವುದಾದರೆ ಹಿಂದಿನ ದಿನ, ಇಪ್ಪತ್ತನೇ ತಾರೀಖು ಶುಕ್ರವಾರ ಮಧ್ಯಾಹ್ನ ಮಡಕಶಿರಾ ಮೇಲೆ ಬರುವ ಬಸ್ಸು ಹತ್ತು, ಸ್ಟ್ಯಾಂಡಿನಲ್ಲಿ ನಾನಿರುತ್ತೇನೆ. ಸಂಘದಲ್ಲೇ ಉಳಿದುಕೊಂಡಿರುವ ಗೌರಕ್ಕನಿಗೆ ಮಾತ್ರ ನಿನ್ನೆ ಹೇಳಿಬಿಟ್ಟೆ, ಆ ಅರ್ಜಿ ಬರೆದವರು ನಮ್ಮ ತಾತ ಎಂದು. ಕಾಯಿ ಸುಲಿಯುವುದನ್ನು ನಿಲ್ಲಿಸಿ ಮಡಿಲಿನ ಸಿಪ್ಪೆ ಕೊಡವಿದಳು. ಆಮೇಲೆ ಹೇಳಿದಳು: "ಬರ್ಲಿ ಬಿಡಮ್ಮ. ಈ ಕಿತ ತಲೆ ಎತ್ತಿ, ನನ್ ಮುಖ ನೋಡ್ಕಂಡು ಹೇಳ್ಲಿ."