ಚೌತಿಯ ದಿನ ನಡೆದ ಪಾಠ

ಧನಕವಡಿ, ಪುಣೆ
೨೧ ಸೆಪ್ಟೆಂಬರ್ ೨೦೨೫, ರವಿವಾರ

ಪ್ರೀತಿಯ ಮುಕ್ತಾ,

ಕೈಯಲ್ಲಿ ಫೋನು ಇದ್ದೂ ಇವಳು ಪತ್ರ ಬರೆದಿದ್ದಾಳೆ ಎಂದರೆ ಏನೋ ಕೇಳಲಿಕ್ಕೇ ಎಂದು ನೀನು ಈಗಾಗಲೇ ನಕ್ಕಿರುತ್ತೀ. ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ನನ್ನ ತಮ್ಮ ಪ್ರಲ್ಹಾದನ ಮಗಳು ಸುರಭಿಗೆ ಜತ್ತದ ನಿಮ್ಮ ಕನ್ನಡ ಶಾಲೆಯಲ್ಲಿ ಹದಿನಾರು ವಾರ ಪಾಠ ಮಾಡಲು ಜಾಗ ಬೇಕು. ನೀನು ನಿವೃತ್ತಳಾದರೂ ಶಾಲೆಯ ಸಮಿತಿಯಲ್ಲಿದ್ದೀ, ನಿನ್ನ ಮಾತು ನಡೆಯುತ್ತದೆ. ಈ ತಿಂಗಳ ಮೂವತ್ತರೊಳಗೆ ಒಪ್ಪಿಗೆ ಪತ್ರ ಕಾಲೇಜಿಗೆ ತಲುಪದಿದ್ದರೆ ಅವಳ ಬಿ.ಎಡ್. ಒಂದು ವರ್ಷ ಹಿಂದೆ ಬೀಳುತ್ತದೆ. ಬೇರೆ ಜಿಲ್ಲೆಯ ಶಾಲೆಯಾದರೂ ನಡೆಯುತ್ತದೆ, ಶಾಲೆಯನ್ನು ಅವಳೇ ಹುಡುಕಿಕೊಳ್ಳಬೇಕು ಎಂದು ಕಾಲೇಜಿನವರು ಹೇಳಿ ಕೈತೊಳೆದುಕೊಂಡಿದ್ದಾರೆ.

ಸುರಭಿಯನ್ನು ನೀನು ಅವಳ ಮದುವೆಯಲ್ಲಿ ನೋಡಿದ್ದೀ. ಈಗ ಅವಳಿಗೆ ಮೂವತ್ತಮೂರು. ಖರಾಡಿಯ ಒಂದು ಕಂಪನಿಯಲ್ಲಿ ಹತ್ತು ವರ್ಷ ಬೇರೆಯವರನ್ನು ನೌಕರಿಗೆ ಆರಿಸುವ ನೌಕರಿ ಮಾಡಿದಳು. ಅದನ್ನು ಬಿಟ್ಟು ವಿಜ್ಞಾನದ ಟೀಚರ್ ಆಗುತ್ತೇನೆ ಎಂದಾಗ ಮನೆಯವರೆಲ್ಲ ಅವಳ ಹಣೆ ಮುಟ್ಟಿ ನೋಡುವುದೊಂದು ಬಾಕಿ ಇತ್ತು. ಅವಳ ಗಂಡ ಋಷಿಕೇಶ ಮತ್ತು ನಾನು ಇಬ್ಬರೇ ಬೆನ್ನಿಗೆ ನಿಂತವರು. ನಮ್ಮದೇ ಕಟ್ಟಡದ ಎರಡನೇ ಮಹಡಿಯಲ್ಲಿ ಅವರ ಮನೆ, ಮೂರನೆಯದರಲ್ಲಿ ನನ್ನದು. ಜುಲೈದಿಂದ ಅವಳು ಮಾರ್ಕೆಟ್ ಯಾರ್ಡಿನ ಹಿಂದಿನ ಒಂದು ಕನ್ನಡ ಶಾಲೆಗೆ ಹೋಗುತ್ತಿದ್ದಳು. ಚೀಲ ಹೊರುವ ಹಮಾಲರ ಮಕ್ಕಳು ಕಲಿಯುವ ಶಾಲೆ. ಹೆಚ್ಚಿನವರು ವಿಜಯಪುರ, ಯಾದಗಿರಿ ಕಡೆಯವರು. ದಿನಾ ಸಂಜೆ ಅವಳು ಮನೆಗೆ ಬರುವುದನ್ನೇ ಕಾಯ್ದು ನಾನು ಚಹಾ ಇಡುತ್ತಿದ್ದೆ. ಇವತ್ತು ಏನು ಕೇಳಿದಿ, ಮಕ್ಕಳು ಏನು ಹೇಳಿದರು ಎಂದು ನನ್ನ ವಿಚಾರಣೆ. ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಳೆದ ನನಗೆ ಯಾರ ಉತ್ತರದ ಬಗ್ಗೆಯೂ ಇಷ್ಟು ಕುತೂಹಲ ಹುಟ್ಟಿರಲಿಲ್ಲ.

ಪಾಠ ಯೋಜನೆಯ ಆ ಹಾಳೆ ಇನ್ನೂ ಬದಲಾಗಿಲ್ಲ, ಮುಕ್ತಾ. ಎಡಗಡೆ ಶಿಕ್ಷಕಿಯ ಪ್ರಶ್ನೆ, ಬಲಗಡೆ ‘ಮಕ್ಕಳಿಂದ ನಿರೀಕ್ಷಿತ ಉತ್ತರ’. ಮಗು ಬಾಯಿ ತೆರೆಯುವ ಮೊದಲೇ ಅದರ ಉತ್ತರವನ್ನು ಬರೆದಿಡುವ ಈ ಪದ್ಧತಿಗೆ ನಲವತ್ತು ವರ್ಷಗಳಲ್ಲಿ ಯಾರೂ ನಗಲಿಲ್ಲವೇ? ನಾನಂತೂ ಪ್ರತಿ ಸಂಜೆ ಆ ಬಲಗಡೆಯ ಕಾಲಂ ಮುಚ್ಚಿ, ನಿಜವಾಗಿ ಏನು ಅಂದರು ಎಂದು ಕೇಳುತ್ತಿದ್ದೆ. ನಿಜವಾದದ್ದು ಯಾವಾಗಲೂ ಹೆಚ್ಚು ಚೆನ್ನಾಗಿರುತ್ತಿತ್ತು.

ಸೆಪ್ಟೆಂಬರ್ ಆರರ ಶನಿವಾರ ಅವಳ ವೀಕ್ಷಣೆಯ ವಹಿ ನನ್ನ ಕೈಗೆ ಬಂತು. ಒಟ್ಟು ನಲವತ್ತು ಪಾಠಗಳಲ್ಲಿ ಇಪ್ಪತ್ತನ್ನು ಕಾಲೇಜಿನ ಪ್ರಾಧ್ಯಾಪಕಿ ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ನೋಡಿ, ಅಭಿಪ್ರಾಯ ಬರೆದು, ಸಹಿ ಮಾಡಬೇಕು. ಪುಟ ತಿರುವುತ್ತ ಹೋದೆ. ಎಂಟನೇ ಪಾಠದ ಕೆಳಗೆ ‘ಧ್ವನಿ ಸ್ಪಷ್ಟ, ಫಲಕ ಬರಹ ಉತ್ತಮ’ ಎಂಬ ಟಿಪ್ಪಣಿ, ಸಹಿ, ತಾರೀಖು: ಆಗಸ್ಟ್ ಇಪ್ಪತ್ತೇಳು. ಆ ದಿನ ಗಣೇಶ ಚೌತಿ. ಪುಣೆಯಲ್ಲಿ ಆ ದಿನ ಶಾಲೆ ತೆರೆದಿತ್ತೆಂದು ಹೇಳುವವರು ಈ ಊರಿನವರಲ್ಲ, ಬೇರೆ ಗ್ರಹದವರು. ಇನ್ನೂ ಮುಂದೆ ತಿರುವಿದೆ. ಹನ್ನೊಂದೇ ಪಾಠ ಆಗಿದ್ದವು, ಸಹಿ ಮಾತ್ರ ಹದಿನಾಲ್ಕಕ್ಕೆ ಇತ್ತು.

ಸುರಭಿಯನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಎರಡು ವಾರಕ್ಕೊಮ್ಮೆ ಶನಿವಾರ ಮೇಡಂ ಬರುತ್ತಾರಂತೆ. ಸುರಭಿ ಸೇರಿ ಆ ಶಾಲೆಗೆ ಬಂದಿದ್ದ ಆರೂ ಜನ ಬಿ.ಎಡ್. ವಿದ್ಯಾರ್ಥಿನಿಯರು ವಹಿಗಳನ್ನು ಶಿಕ್ಷಕರ ಕೋಣೆಯ ಮೇಜಿನ ಮೇಲೆ ಒಂದರ ಮೇಲೊಂದು ಇಡುತ್ತಾರಂತೆ. ಮೇಡಂ ರವಿವಾರ ಬಿಟ್ಟು ಉಳಿದ ತಾರೀಖುಗಳನ್ನು ಸಾಲಾಗಿ ಹಾಕುತ್ತ ಹೋಗುತ್ತಾರಂತೆ. ಚೌತಿ ಬುಧವಾರ ಬಂದದ್ದು ಚೌತಿಯ ತಪ್ಪು. ಆ ಮೇಡಂ ಕೈಕೆಳಗೆ ಏಳು ಶಾಲೆಗಳಿವೆ, ಕಾಲೇಜಿನಲ್ಲಿ ಅವರಿಗೂ ತಾಸುಗಳಿವೆ, ಇದೆಲ್ಲ ನನಗೆ ಅರ್ಥವಾಗುತ್ತದೆ. ಆದರೆ ಸುರಭಿ ಆಮೇಲೆ ಹೇಳಿದ ಮಾತು ನನ್ನನ್ನು ಚುಚ್ಚಿತು.

“ಅತ್ಯಾ, ನಾ ಹೆಂಗ ಕಲಿಸ್ತೀನಿ ಅಂತ ನನಗ ಗೊತ್ತಿಲ್ಲ. ಒಬ್ಬರರ ನೋಡಿ ಹೇಳ್ಬೇಕಲ್ಲ?”

ಸಿಟ್ಟು ಮಾಡುವ ಹಕ್ಕು ನನಗೆಲ್ಲಿದೆ ಎಂದು ನೀನು ಕೇಳಬಹುದು. ೧೯೮೩ರಲ್ಲಿ ಧಾರವಾಡದಲ್ಲಿ ಬಿ.ಎಡ್. ಮಾಡುವಾಗ ನಾವಿಬ್ಬರು ಜೋಡಿ. ನಿನ್ನ ಪಾಠ ನಾನು ನೋಡಿ ಬರೆಯಬೇಕು, ನನ್ನದನ್ನು ನೀನು. ಹೂವಿನ ಭಾಗಗಳ ಬಗ್ಗೆ ನಿನ್ನ ಪಾಠ ‘ಅತ್ಯಂತ ಯಶಸ್ವಿಯಾಯಿತು, ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಎಂದು ನಾನು ಹಿಂದಿನ ದಿನವೇ ಬರೆದಿಟ್ಟಿದ್ದೆ. ಮರುದಿನ ನೀನು ಜ್ವರ ಬಂದು ಹಾಸ್ಟೆಲಿನಲ್ಲಿ ಮಲಗಿದ್ದೆ. ವಹಿ ಅಷ್ಟರಲ್ಲಿ ಗುರುಗಳ ಮೇಜಿಗೆ ಹೋಗಿತ್ತು. ನಿನಗೆ ನೂರಕ್ಕೆ ಎಪ್ಪತ್ತೆರಡು ಅಂಕ ಬಿತ್ತು. ಆಗ ನಕ್ಕೆವು. ನೀನು ಆಮೇಲೆ ಮೂವತ್ತೈದು ವರ್ಷ ಮಕ್ಕಳ ಮುಂದೆ ನಿಂತು ಆ ಅಂಕಗಳನ್ನು ಗಳಿಸಿಕೊಂಡೆ. ನಾನು ಮೊದಲ ನೌಕರಿಯ ಮೊದಲ ವಾರವೇ ಐವತ್ತು ಹುಡುಗಿಯರ ಎದುರು ಬಾಯಿ ಕಟ್ಟಿ ನಿಂತು, ಮನೆಗೆ ಬಂದು, ವಿಮಾ ಕಚೇರಿಗೆ ಅರ್ಜಿ ಹಾಕಿದೆ. ಪುಣೆಯ ವರ ಸಿಕ್ಕ ಕಾರಣ ಶಿಕ್ಷಕಿಯ ಕೆಲಸ ಬಿಟ್ಟೆ ಎಂದು ನಿನಗೆ ಹೇಳಿದ್ದು ಪೂರ್ತಿ ನಿಜವಲ್ಲ. ವರ ಸಿಕ್ಕದ್ದು ಎಂಟು ತಿಂಗಳ ಮೇಲೆ. ನನ್ನ ಪಾಠಗಳ ಬಗ್ಗೆಯೂ ವಹಿಯಲ್ಲಿ ಚೆನ್ನಾಗಿಯೇ ಬರೆದಿತ್ತಲ್ಲ. ಅಂದಿನಿಂದ ಎಷ್ಟು ಆಯೋಗಗಳು ಕೂತವು, ಎಷ್ಟು ವರದಿಗಳು ಬಂದವು, ಎಲ್ಲವನ್ನೂ ಓದಿದ್ದೇನೆ. ಹಿಂದಿನ ಬೆಂಚು ಮಾತ್ರ ಹಾಗೆಯೇ ಖಾಲಿ ಇದೆ.

ಅದಕ್ಕೇ ಮುಂದಿನ ಮಂಗಳವಾರ ಆ ಬೆಂಚಿನಲ್ಲಿ ನಾನೇ ಹೋಗಿ ಕೂತೆ. ಮುಖ್ಯಾಧ್ಯಾಪಕ ಲೋಕನಾಥ ಸರ್ ಸಂತೋಷದಿಂದ ಒಪ್ಪಿದರು. ಏಳು ವರ್ಗಗಳಿಗೆ ನಾಲ್ಕು ಜನ ಶಿಕ್ಷಕರಿರುವ ಶಾಲೆಯಲ್ಲಿ, ಬಂದು ಸುಮ್ಮನೆ ಕೂಡುವವರನ್ನು ಕಂಡರೂ ಅವರಿಗೆ ಧೈರ್ಯ ಬರುತ್ತದಂತೆ. ಏಳನೇ ವರ್ಗ, ವಿಷಯ ತೂಕ. ಸುರಭಿ ಚೆನ್ನಾಗಿಯೇ ಆರಂಭಿಸಿದಳು. ತೂಕ ಎಂದರೇನು ಎಂದು ಕೇಳಿದಳು. ದೀಪಾಲಿ ಎಂಬ ಹುಡುಗಿ, ಈರುಳ್ಳಿ ಅಂಗಡಿಯ ಹಮಾಲನ ಮಗಳು, ಎದ್ದು ನಿಂತಳು.

“ಟೀಚರ್, ಚೀಲದ ತೂಕ ಮುಂಜಾನಿಗೆ ಒಂದು, ಸಂಜೀಕ ಒಂದು ಇರ್ತದಂತ್ರಿ. ನಮ್ಮಪ್ಪ ಹೇಳ್ತಾನ್ರಿ.”

ವರ್ಗವೆಲ್ಲ ಹೋ ಎಂದು ನಕ್ಕಿತು. ನಿಮ್ಮಪ್ಪ ಸಂಜೀಕ ಬ್ಯಾರೇ ತೂಕ ಇರ್ತಾನ ಬಿಡು ಎಂದು ಯಾರೋ ಹಿಂದಿನಿಂದ ಕಾಲೆಳೆದರು. ಸುರಭಿ ಒಂದು ಕ್ಷಣ ಕೈಯಲ್ಲಿದ್ದ ಹಾಳೆ ನೋಡಿದಳು. ಬಲಗಡೆಯ ಕಾಲಮ್ಮಿನಲ್ಲಿ ಈ ಉತ್ತರ ಇರಲಿಲ್ಲ. ಕೂಡು ಎಂದಳು, ತಿರುಗಿ ಫಲಕದ ಮೇಲೆ ವ್ಯಾಖ್ಯೆ ಬರೆದಳು. ದೀಪಾಲಿ ಕೂತಳು. ತಾಸು ಮುಗಿಯುವ ತನಕ ಮತ್ತೆ ಕೈ ಎತ್ತಲಿಲ್ಲ.

ನಾನು ಎರಡು ಪುಟ ಬರೆದೆ. ಧ್ವನಿ, ಫಲಕ ಎಲ್ಲ ಬಿಟ್ಟು, ಆ ಹುಡುಗಿಯನ್ನು ಯಾಕೆ ಕೂಡಿಸಿದಿ ಎಂದೇ ಬರೆದೆ. ಸುರಭಿ ಓದಿ ಮುಖ ಊದಿಸಿಕೊಂಡಳು, ಅಂದು ಚಹಾ ಕುಡಿಯಲಿಲ್ಲ. ಆದರೆ ಗುರುವಾರ ಸಂಜೆ ಮೆಟ್ಟಿಲನ್ನು ಓಡುತ್ತ ಹತ್ತಿ ಬಂದಳು. ಆ ದಿನ ಶಾಲೆಯ ಅಡುಗೆಮನೆಯ ತಕ್ಕಡಿ ತರಿಸಿ, ಮಕ್ಕಳ ಮುಂದೆ ಮುಂಜಾನೆ ಹಸಿ ಕೊತ್ತಂಬರಿಯ ಒಂದು ಕಟ್ಟು ತೂಗಿ ಕಿಟಕಿಯಲ್ಲಿಟ್ಟಿದ್ದಳಂತೆ. ಶಾಲೆ ಬಿಡುವ ಹೊತ್ತಿಗೆ ಮತ್ತೆ ತೂಗಿದರೆ ಇಳಿದಿತ್ತು. ನೀರು ಹೋಗಿದೆ ಎಂದು ಅರ್ಧ ವರ್ಗ. ದೀಪಾಲಿ ಮಾತ್ರ ಒಪ್ಪಲಿಲ್ಲವಂತೆ. ಸಂಜೆಗೆ ತೂಕ ಇಳಿಯುವುದಲ್ಲ, ಏರುತ್ತದೆ ಎಂದು ಅವಳ ಅಪ್ಪ ಹೇಳಿದ್ದು. ಹಾಗಾದರೆ ಏರುವುದು ಯಾವುದು, ಚೀಲವೋ ಹೊರುವವನ ದಣಿವೋ, ತಕ್ಕಡಿ ಯಾವುದನ್ನು ತೋರಿಸುತ್ತದೆ, ಯಾವುದನ್ನು ತೋರಿಸುವುದಿಲ್ಲ ಎಂದು ಗಂಟೆ ಬಾರಿಸಿದ ಮೇಲೂ ಮಕ್ಕಳು ಜಗಳಾಡಿದರಂತೆ. ತೂಕಕ್ಕೂ ನಮಗಾಗುವ ಭಾರಕ್ಕೂ ಇರುವ ವ್ಯತ್ಯಾಸವನ್ನು ಫಲಕದ ಮೇಲೆ ಬರೆಯುವ ಅಗತ್ಯವೇ ಬೀಳಲಿಲ್ಲ. ನಾನು ಒಂದು ತಾಸು ಅವಳನ್ನು ಬಿಡದೆ ಕೇಳಿದೆ. ಎಷ್ಟು ಇಳಿದಿತ್ತು, ಯಾರು ಏನು ಅಂದರು, ನಕ್ಕವರು ಈಗ ಏನೆಂದರು. ಆ ಪಾಠ ವಹಿಯಲ್ಲಿ ಇಲ್ಲ. ಅದನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಮುಂದಿನದು ಬೇಗ ಮುಗಿಯುತ್ತದೆ. ಅದೇ ವಾರ ಕಾಲೇಜಿಗೆ ಹೆಸರಿಲ್ಲದ ಒಂದು ಪತ್ರ ಹೋಯಿತು. ಚೌತಿಯ ದಿನದ ಸಹಿ, ಆಗದ ಪಾಠಗಳ ಸಹಿ, ಎಲ್ಲ ಅದರಲ್ಲಿತ್ತು. ಬರೆದವರು ಯಾರು ಎಂಬ ಚರ್ಚೆ ಈಗ ಬೇಡ. ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಕಾಲೇಜಿನವರು ಮೇಡಂ ಅವರನ್ನು ಏನಾದರೂ ಕೇಳುತ್ತಾರೆಂದು ಯಾರಿಗಾದರೂ ಅನಿಸುತ್ತದೆ. ಕೇಳಲಿಲ್ಲ. ಹದಿನೇಳನೆಯ ತಾರೀಖಿಗೆ ಆ ಶಾಲೆಯ ಆರೂ ವಿದ್ಯಾರ್ಥಿನಿಯರ ಹತ್ತು ವಾರಗಳನ್ನು ರದ್ದು ಮಾಡಿ, ಮೊದಲಿನಿಂದ ಮಾಡಿ ಎಂದರು. ಉಳಿದ ಐವರಿಗೆ ಎರಡೇ ದಿನದಲ್ಲಿ ಬೇರೆ ಶಾಲೆ ಸಿಕ್ಕಿತು. ಸುರಭಿಗೆ ಸಿಗಲಿಲ್ಲ. ಪಾಠ ನೋಡಲು ಮೇಡಂ ಯಾವಾಗ ಬರುತ್ತಾರೆ ಎಂದು ಮೊದಲಿನಿಂದ ಕೇಳುತ್ತಿದ್ದವಳು ಅವಳು, ಆದ್ದರಿಂದ ಪತ್ರವೂ ಅವಳದೇ ಎಂದು ಎಲ್ಲರೂ ನಂಬಿದ್ದಾರೆ. ಅವಳ ಹೆಸರು ಕೇಳಿದರೆ ಶಾಲೆಗಳು ಜಾಗ ತುಂಬಿದೆ ಎನ್ನುತ್ತವೆ. ಜೊತೆಯ ಹುಡುಗಿಯರು ವಾಟ್ಸ್ಯಾಪ್ ಗುಂಪಿನಿಂದ ಅವಳನ್ನು ತೆಗೆದುಹಾಕಿದರು.

ಶಾಲೆಯಲ್ಲಿಟ್ಟಿದ್ದ ಸಾಮಾನು ತರಲು ಹೋದಾಗ ಲೋಕನಾಥ ಸರ್ ಬಾಗಿಲ ತನಕ ಬಂದರಂತೆ. “ಬಾಯಾರ, ಹತ್ತು ವಾರ ನಮ್ಮಲ್ಲಿ ವಿಜ್ಞಾನ ನಡೀತು. ನಾಳಿಂದ ಆ ತಾಸಿಗೆ ಯಾರನ್ನ ಕಳಸ್ಲಿ ಹೇಳ್ರಿ?” ಎಂದರಂತೆ. ಸುರಭಿ ಇದನ್ನು ಹೇಳುವಾಗ ಅಳಲಿಲ್ಲ. ಕಂಪನಿಯವರು ಮತ್ತೆ ಕರೆಯುತ್ತಿದ್ದಾರೆ, ಹೋಗಿಬಿಡಲೇ ಎಂದು ಮಾತ್ರ ಕೇಳಿದಳು.

ಅವಳು ಹೋಗಬಾರದು, ಮುಕ್ತಾ. ನಲವತ್ತು ವರ್ಷಗಳ ಹಿಂದೆ ಹೋದ ಒಬ್ಬಳು ಸಾಕು. ನಿನ್ನ ಮನೆಯಲ್ಲಿ ಇರಲು ಒಂದು ಕೋಣೆ ಕೊಡು, ಋಷಿಕೇಶ ಒಪ್ಪಿದ್ದಾನೆ. ಜತ್ತದ ಮಾತು ಎತ್ತಿದಾಗ ಅವಳು ಊರಿನ ಬಗ್ಗೆ ಏನೂ ಕೇಳಲಿಲ್ಲ. “ನಿಮ್ಮ ಗೆಳತಿ ಖರೇನೇ ಹಿಂದ ಕೂಡ್ತಾರೇನ್ರಿ?” ಎಂದು ಒಂದೇ ಪ್ರಶ್ನೆ. ಕೂಡುತ್ತಾಳೆ ಎಂದು ನಿನ್ನ ಪರವಾಗಿ ಹೇಳಿಬಿಟ್ಟಿದ್ದೇನೆ. ಸಹಿ ಯಾರಾದರೂ ಹಾಕಲಿ, ಇಪ್ಪತ್ತೂ ಪಾಠ ನೀನು ನೋಡಬೇಕು. ಮೊಣಕಾಲು ನೋವು ನಿನಗಿದೆ, ಬಲ್ಲೆ. ಬೆಂಚಿನ ಬದಲು ಕುರ್ಚಿ ಹಾಕಿಸಿಕೋ. ಒಪ್ಪಿಗೆ ಪತ್ರದ ಫೋಟೋ ಕಳಿಸಿದರೂ ಸಾಕು.

ನಿನ್ನ ಉತ್ತರ ಏನಿರಬಹುದೆಂದು ನಾನು ಮೊದಲೇ ಬರೆದುಕೊಂಡಿಲ್ಲ.

ನಿನ್ನ
ಅಂಬಾ

ಆಮೇಲೆ ಸೇರಿಸಿದ್ದು, ೨೪ ಸೆಪ್ಟೆಂಬರ್, ಬುಧವಾರ:

ಮೂರು ದಿನ ಈ ಪತ್ರವನ್ನು ಅಂಚೆಗೆ ಹಾಕಲಾಗಲಿಲ್ಲ. ಹೆಸರಿಲ್ಲದ ಆ ಪತ್ರ ಬರೆದವಳು ನಾನೇ. ಹಿಂದಿನ ಬೆಂಚಿನಲ್ಲಿ ಕೂತ ಆ ಮಂಗಳವಾರ ಶಾಲೆಯಿಂದ ಬಂದವಳೇ, ಸಿಟ್ಟು ಆರುವ ಮೊದಲು, ಬರೆದೆ. ಹೆಸರು ಹಾಕಿದರೆ ಸುರಭಿಗೆ ತೊಂದರೆ ಎಂದು ನನ್ನ ಜಾಣತನ.

ಸೋಮವಾರ ಅವಳಿಗೆ ಹೇಳಿದೆ. ಅವಳು ಕಪ್ಪು ಬಸಿ ತೊಳೆದಿಟ್ಟು ಕೆಳಗೆ ಹೋದಳು. ನಿನ್ನೆ ಕಾಲೇಜಿಗೆ ಇನ್ನೊಂದು ಪತ್ರ ಬರೆದೆ, ಹೆಸರು, ವಿಳಾಸ, ಫೋನ್ ನಂಬರು ಹಾಕಿ. ಮೊದಲಿನದೂ ನನ್ನದೇ, ಸುರಭಿಗೆ ಅದರ ಸುದ್ದಿಯೂ ಇರಲಿಲ್ಲ ಎಂದು ಬರೆದೆ. ಅವಳು ಎಂಥ ಒಳ್ಳೆಯ ಶಿಕ್ಷಕಿ, ಕೊತ್ತಂಬರಿಯ ಪಾಠ ಎಷ್ಟು ಅದ್ಭುತವಾಗಿತ್ತು ಎಂದು ಒಂದು ಪುಟ ತುಂಬಿಸಿದೆ. ಕಳಿಸುವ ಮೊದಲು ಕೆಳಗೆ ಹೋಗಿ ಅವಳ ಕೈಗೆ ಕೊಟ್ಟೆ. ಬಾಗಿಲಲ್ಲೇ ನಿಂತು ಓದಿದಳು. ಪೆನ್ಸಿಲ್ ತಂದು ಆ ಪುಟದ ಮೇಲೆ ಅಡ್ಡ ಗೆರೆ ಎಳೆದಳು. ಎರಡು ದಿನಗಳಲ್ಲಿ ನನ್ನೊಡನೆ ಆಡಿದ ಒಂದೇ ಮಾತು ಆಗ ಆಡಿದಳು.

“ಆ ಪಾಠಕ್ಕ ನೀವು ಬಂದಿರಲಿಲ್ಲ, ಅತ್ಯಾ. ನೋಡಿದ್ದಷ್ಟ ಬರೀರಿ.”