ಮಾದಮ್ಮನ ಹೆಬ್ಬೆಟ್ಟು

೧೩ ಜೂನ್ ೨೦೨೫, ಶುಕ್ರವಾರ

ಮೇ ಇಪ್ಪತ್ತರಂದು ನಮ್ಮೂರಲ್ಲಿ ಗ್ರಾಮಸಭೆ ನಡೆಯಲೇ ಇಲ್ಲ. ನಡೆಯಿತೆಂದು ಬರೆದು, ಗುಡ್ಡದಲ್ಲಿ ಕಲ್ಲು ಸಿಡಿಸಲು ಊರೇ ಒಪ್ಪಿದೆ ಎಂದು ಪಂಚಾಯಿತಿ ಅಧ್ಯಕ್ಷ ಧರ್ಮೇಂದ್ರ ಪಾಂಡವಪುರದ ತಾಲ್ಲೂಕು ಕಚೇರಿಗೆ ಕಳಿಸಿಬಿಟ್ಟಿದ್ದಾನೆ. ಹಾಜರಿ ಪುಸ್ತಕದಲ್ಲಿ ಮಾದಮ್ಮನ ಹೆಬ್ಬೆಟ್ಟೂ ಇದೆ. ಅವಳ ಮನೆ ಇರುವುದೇ ಗುಡ್ಡದ ಬುಡದಲ್ಲಿ.

ಮೂವತ್ತು ವರ್ಷದ ಹಿಂದೆ ಸಾಕ್ಷರತಾ ಶಾಲೆಯಲ್ಲಿ ಅವಳಿಗೆ ಹೆಸರು ಬರೆಯಲು ಕಲಿಸಿದವನು ನಾನು. ಅಂದಿನಿಂದ ಅವಳು ಎಲ್ಲಿಯೂ ಹೆಬ್ಬೆಟ್ಟು ಒತ್ತಿಲ್ಲ. ಮುದುಕಿ ಎಂದರೆ ಹೆಬ್ಬೆಟ್ಟೇ ಎಂದುಕೊಂಡರಲ್ಲ, ಥೂ!

ಇವತ್ತು ಅವಳನ್ನೇ ಪಂಚಾಯಿತಿ ಕಚೇರಿಗೆ ಕರೆದುಕೊಂಡು ಹೋದೆ. ಅಧ್ಯಕ್ಷನ ಸುತ್ತ ಸಲಹೆಗಾರರ ಪಟಾಲಂ. "ಬರೆದೋನ್ ತಪ್ಪು ಅಂದ್ಬುಡಣ್ಣ" ಎಂದು ಒಬ್ಬ ಪಿಸುಗುಟ್ಟಿದ. ಇನ್ನೊಬ್ಬ, "ಅಜ್ಜಿಗೆ ಮರೆವು ಕಣ್ ಮೇಷ್ಟ್ರೇ" ಎಂದು ನಕ್ಕ.

"ನಂಗಾ ಮರೆವು? ಪೆನ್ ಕೊಡ್ಲಾ ಇಲ್ಲಿ!"

ಮಾದಮ್ಮ ಆ ಪುಸ್ತಕದಲ್ಲೇ, ಹೆಬ್ಬೆಟ್ಟಿನ ಪಕ್ಕಕ್ಕೇ, ಮಕಾರದ ಒತ್ತನ್ನೂ ಬಿಡದೆ ಹೆಸರು ಬರೆದಳು. "ಇದು ನಂದು ಕಣ್ಲಾ ಧರ್ಮೇಂದ್ರ. ಅದ್ನ ಯಾರ್ ಬೆಳ್ಳಲ್ಲಿ ಒತ್ತಿಸ್ದೆ?"

ಅವನು ಪುಸ್ತಕ ಮುಚ್ಚಿ, "ಸೋಮವಾರ ಒಳಗ್ ಕೂತು ಮಾತಾಡಮ" ಎಂದ. ಇವನಿಗೂ ಅಕ್ಷರ ಕಲಿಸಿದ್ದು ನಾನೇ. ಅದನ್ನು ನೆನೆದರೆ ಇನ್ನೂ ಹೇಸಿಗೆ.

ಒಳಗೆ ಬೇಡ, ಧರ್ಮೇಂದ್ರ. ಒಂದು ಕಲ್ಲು ಸಿಡಿಯುವ ಮೊದಲು ನಿಜವಾದ ಗ್ರಾಮಸಭೆ ಕರೆ. ಮಾದಮ್ಮ ಕೇಳಿದ್ದಕ್ಕೆ ಊರ ಮುಂದೆ ನಿಂತು ಉತ್ತರ ಹೇಳು.